ಕಂಠವಿಲ್ಲದವನ ಮಂತ್ರಜಪ

ಶರಣಧರ್ಮದ ಶಾಸ್ತ್ರಕ್ಕೆ ವಚನವೆಂದು ಹೆಸರು. ವಚನವೆಂದರೆ ನುಡಿ, ಆಡಿದ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ನೆರೆದ ಶರಣರು ಒಬ್ಬರಿಗೊಬ್ಬರು ನುಡಿದು, ಕೇಳಿ, ಮರುನುಡಿದು ತತ್ತ್ವವನ್ನು ಕಂಡುಕೊಂಡರು. ಆ ನುಡಿಗಳನ್ನು ಹಾಡಿ, ಓದಿ, ಅರ್ಥವಿವರಿಸಿ ಇಂದಿಗೂ ಭಕ್ತರು ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿಸಿಕೊಂಡು ಬಂದಿದ್ದಾರೆ. ಅಷ್ಟಾವರಣಗಳಲ್ಲಿ ಮಂತ್ರವೂ ಒಂದು, ಅದೂ ನುಡಿಯೇ. ಹೀಗೆ ನುಡಿಯನ್ನೇ ಅಡಿಗಲ್ಲಾಗಿ ಉಳ್ಳ ಧರ್ಮದಲ್ಲಿ ನುಡಿಯನ್ನು ಕಳೆದುಕೊಂಡ ಭಕ್ತನ ಸ್ಥಾನವೇನು ಎಂಬ ಪ್ರಶ್ನೆ ಏಳುವುದು ಸಹಜ. ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂಬ ವ್ಯಾಧಿಗೆ ಸಿಲುಕಿದ ಗೃಹಸ್ಥರ ಮನೆಗಳಲ್ಲಿ ಇದು ದಿನನಿತ್ಯದ ಸಂಕಟವಾಗಿದೆ.

ಈ ವ್ಯಾಧಿಯ ಸ್ವರೂಪವನ್ನು ಮೊದಲು ತಿಳಿಯುವುದು ಯುಕ್ತ. ಕೊರಳಿನ ಮುಂಭಾಗದಲ್ಲಿ ಶ್ವಾಸನಾಳದ ಬಾಯಿಗೆ ಧ್ವನಿಪೆಟ್ಟಿಗೆಯಿದೆ. ಶ್ವಾಸಕೋಶದಿಂದ ಬರುವ ಗಾಳಿ ಅಲ್ಲಿರುವ ಎರಡು ತಂತುಗಳನ್ನು ಕಂಪಿಸುವಂತೆ ಮಾಡಿದಾಗ ನಾದವುಂಟಾಗುತ್ತದೆ. ನಾಲಗೆ, ತುಟಿ, ಹಲ್ಲುಗಳು ಆ ನಾದವನ್ನು ಅಕ್ಷರಗಳಾಗಿ ತಿದ್ದುತ್ತವೆ. ಬೀಡಿ, ಸಿಗರೇಟುಗಳ ಹೊಗೆಯೂ ಮದ್ಯಪಾನವೂ ಈ ಭಾಗದ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ಮೂರು ವಾರ ಕಳೆದರೂ ಬಿಡದ ಗೊಗ್ಗರು ಧ್ವನಿ ಅದರ ಮೊದಲ ಎಚ್ಚರಿಕೆ. ಆರಂಭದಲ್ಲಿಯೇ ಗುರುತಿಸಿದರೆ ಅನೇಕ ವೇಳೆ ಕಿರಣಚಿಕಿತ್ಸೆಯಿಂದಲೇ ರೋಗ ನಿವಾರಣೆಯಾಗಿ, ಸ್ವಲ್ಪ ಒರಟಾದರೂ ಧ್ವನಿ ಉಳಿಯುತ್ತದೆ. ಮುಂದುವರಿದ ರೋಗದಲ್ಲಿಯೂ ಔಷಧ ಮತ್ತು ಕಿರಣಗಳಿಂದ ಹಲವರ ಧ್ವನಿಪೆಟ್ಟಿಗೆಯನ್ನು ಉಳಿಸಬಹುದೆಂಬುದನ್ನು 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 332 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು ತೋರಿಸಿತು. ಆದರೆ ಎಲ್ಲರಿಗೂ ಈ ಭಾಗ್ಯವಿಲ್ಲ. ಕೆಲವರಿಗೆ ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆಯದೆ ಅನ್ಯಮಾರ್ಗವಿರುವುದಿಲ್ಲ. 1873ನೆಯ ಇಸವಿಯ ಡಿಸೆಂಬರ್ 31ರಂದು ವಿಯೆನ್ನಾ ನಗರದಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರಿಗಾಗಿ ಮೊದಲ ಬಾರಿ ಮಾಡಿದ ಈ ಶಸ್ತ್ರಕ್ರಿಯೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಶಸ್ತ್ರಕ್ರಿಯೆಯ ಅನಂತರ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಬುಡದಲ್ಲಿ ಹೊರಕ್ಕೆ ತೆರೆದು ಹೊಲಿಯುತ್ತಾರೆ. ಅಂದಿನಿಂದ ಆ ಮನುಷ್ಯನು ಉಸಿರಾಡುವುದು ಮೂಗಿನಿಂದಲ್ಲ, ಕೊರಳ ರಂಧ್ರದಿಂದ. ಬಾಯಿ ತೆರೆದರೆ ತುಟಿ ಅಲುಗುತ್ತದೆ, ನಾಲಗೆ ಹೊರಳುತ್ತದೆ. ಧ್ವನಿ ಮಾತ್ರ ಬರುವುದಿಲ್ಲ.

ಮೈಸೂರು ಸೀಮೆಯ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಅವನಂಥವರು ಅನೇಕರಿರುವುದರಿಂದ ಹೆಸರಿನ ಅವಶ್ಯಕತೆಯಿಲ್ಲ. ಸಂತೆಪೇಟೆಯಲ್ಲಿ ದವಸದ ಮಂಡಿ. ವಯಸ್ಸು ಅರವತ್ತರ ಸಮೀಪ. ಮೂವತ್ತು ವರ್ಷಗಳಿಂದ ಪ್ರತಿ ಸೋಮವಾರ ಸಂಜೆ ಮಠದ ಶಿವಾನುಭವಗೋಷ್ಠಿಯಲ್ಲಿ ಮೊದಲ ವಚನ ಅವನದೇ. ಅವನು ಶ್ರುತಿ ಹಿಡಿದರೆ ಹಿಂದೆ ಕುಳಿತ ಹೆಣ್ಣುಮಕ್ಕಳು ಮಾತು ನಿಲ್ಲಿಸುತ್ತಿದ್ದರು. ಬಾಲ್ಯದಿಂದ ಅಂಟಿದ ಬೀಡಿಯ ಚಟವೊಂದು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಧ್ವನಿ ಒಡೆದಾಗ ಜೇಷ್ಠಮಧು, ಮೆಣಸಿನ ಕಷಾಯ, ಕಲ್ಲುಸಕ್ಕರೆಗಳಲ್ಲಿ ಆರು ತಿಂಗಳು ಕಳೆದವು. ಕಡೆಗೆ ದೊಡ್ಡಾಸ್ಪತ್ರೆಯಲ್ಲಿ ರೋಗದ ಹೆಸರು ತಿಳಿಯಿತು. ಧ್ವನಿಪೆಟ್ಟಿಗೆಯನ್ನು ತೆಗೆದರೆ ಬದುಕುವ ಭರವಸೆಯುಂಟು, ಬಿಟ್ಟರೆ ಇಲ್ಲ ಎಂದು ವೈದ್ಯರು ಹೇಳಿದರು. ಅವನು ಊರಿಗೆ ಮರಳಿ ನೇರವಾಗಿ ಮಠಕ್ಕೆ ಬಂದು ಸ್ವಾಮಿಗಳ ಪಾದಕ್ಕೆರಗಿ ಮೂರು ಮಾತು ಕೇಳಿದನು: "ಬುದ್ಧೀ, ಲಿಂಗಯ್ಯನಿಗೆ ಹಾಡಿದ ಕಂಠವನ್ನು ಕೊಯ್ಸಿಕೊಂಡು ಬದುಕುವುದು ಧರ್ಮವೋ, ಕಂಠದೊಡನೆಯೇ ಹೋಗುವುದು ಧರ್ಮವೋ? ಬಾಯಿಂದ ಮಂತ್ರ ಹೊರಡದವನು ಮಾಡುವ ಪೂಜೆ ಪೂಜೆಯಾದೀತೆ? ಮಾತಿಲ್ಲದವನಿಂದ ಮನೆಗೆ, ಸಮಾಜಕ್ಕೆ ಆಗುವ ಪ್ರಯೋಜನವೇನು?"

ಮೂರೂ ಗಂಭೀರವಾದ ಪ್ರಶ್ನೆಗಳು. ಇವಕ್ಕೆ ಅವಸರದ ಉತ್ತರವೊಂದು ಎಲ್ಲರ ಬಾಯಲ್ಲಿಯೂ ಸಿದ್ಧವಾಗಿರುತ್ತದೆ. "ಮೌನವೇ ಮಹಾಯೋಗ, ಅಲ್ಲಮಪ್ರಭುದೇವರು ಶಬ್ದಕ್ಕಿಂತ ನಿಃಶಬ್ದವನ್ನೇ ಹಿರಿದೆಂದರು, ನಿನಗೆ ಅದು ತಾನಾಗಿ ದೊರೆಯಿತು" ಎಂದು ಬಂಧುಗಳು ಸಮಾಧಾನ ಹೇಳುವುದುಂಟು. ಹೇಳುವವರ ಮನಸ್ಸು ಒಳ್ಳೆಯದಾದರೂ ಆ ಮಾತು ಸರಿಯಲ್ಲ. ಪ್ರಭುದೇವರ ನಿಃಶಬ್ದವು ಶಬ್ದವನ್ನು ಅದರ ಕೊನೆಯವರೆಗೂ ನಡೆದು ನೋಡಿ ದಾಟಿದವರ ನಿಲುವು. ಮಹಾತ್ಮ ಗಾಂಧಿಯವರ ಸೋಮವಾರದ ಮೌನವು ಮಾರನೆಯ ದಿನ ಮಾತಾಡಬಲ್ಲವರ ವ್ರತ. ತಾನಾಗಿ ಬಿಟ್ಟದ್ದು ತ್ಯಾಗ. ಕೈಯಿಂದ ಕಿತ್ತುಕೊಂಡದ್ದು ನಷ್ಟ. ಉಪವಾಸವನ್ನೂ ಹಸಿವನ್ನೂ ಒಂದೆಂದು ಹೇಳಿದರೆ ಹಸಿದವನಿಗೆ ಅಪಚಾರವಾಗುತ್ತದೆ. ಧ್ವನಿ ಹೋದವನ ಮುಂದೆ ಮೌನದ ಮಹಿಮೆಯನ್ನು ಹೊಗಳುವುದೂ ಅಂತೆಯೇ. ನಷ್ಟವನ್ನು ನಷ್ಟವೆಂದು ಒಪ್ಪಿಕೊಂಡು ಅಲ್ಲಿಂದ ಮುಂದಕ್ಕೆ ವಿಚಾರ ಮಾಡುವುದು ಶರಣರ ನೇರನಡೆಗೆ ಹೊಂದುವ ಮಾರ್ಗ.

ಮೊದಲನೆಯದು, ಬದುಕಬೇಕೋ ಬೇಡವೋ ಎಂಬ ಪ್ರಶ್ನೆ. ಶರಣರು ಮರಣಕ್ಕೆ ಅಂಜಿದವರಲ್ಲ, ಅದನ್ನು ಹಬ್ಬದಂತೆ ಎದುರುಗೊಂಡವರು. ಹೀಗಿರುವಲ್ಲಿ ಅಂಗವನ್ನು ಕೊಯ್ಸಿಕೊಂಡಾದರೂ ಬದುಕಬೇಕೆಂಬ ಆಸೆ ಭಕ್ತನಿಗೆ ಏಕೆ ಎಂದು ಕೇಳಬಹುದು. ಮರಣಕ್ಕೆ ಅಂಜದಿರುವುದು ಬೇರೆ, ತನ್ನದೊಂದು ಸೊತ್ತನ್ನು ಬಿಡಲಾರದೆ ಮರಣವನ್ನು ಆರಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ನಿರ್ಮೋಹವಿದೆ, ಎರಡನೆಯದರಲ್ಲಿ ಮೋಹವೇ ಇದೆ. ದೇಹವನ್ನು ದೇಗುಲವೆಂದು ಬಗೆದ ಬಸವಣ್ಣನವರ ದೃಷ್ಟಿಯಲ್ಲಿ ಈ ಶರೀರವು ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ದೊರೆತ ಪ್ರಸಾದ. ದೇಗುಲದ ಗಂಟೆ ಬಿರುಕುಬಿಟ್ಟಿತೆಂದು ಗರ್ಭಗುಡಿಯನ್ನು ಕೆಡಹುವವರಿಲ್ಲ. ಗೃಹಸ್ಥನ ದುಃಖದಲ್ಲಿ ಲಿಂಗದ ಮೇಲಣ ಪ್ರೀತಿ ಎಷ್ಟು, ಹಾಡುಗಾರನೆಂಬ ಹೆಸರಿನ ಮೇಲಣ ಪ್ರೀತಿ ಎಷ್ಟು ಎಂಬುದನ್ನು ಅವನೇ ಅಳೆದು ನೋಡಿಕೊಳ್ಳಬೇಕು. ಈ ಮಾತನ್ನು ಸ್ವಾಮಿಗಳಿಗಿಂತ ಮೊದಲೇ ಅವನ ಹೆಂಡತಿ ಆಡಿದಳು: "ನೋಡಿ, ನಿಮ್ಮ ಹಾಡು ಊರಿಗೆಲ್ಲ ಬೇಕಿತ್ತು. ನನಗೆ ನೀವು ಬೇಕು."

ಆದರೆ ಇಲ್ಲಿ ಒಂದು ಭೇದವನ್ನು ಮರೆಯಲಾಗದು. ರೋಗವು ಗುಣವಾಗುವ ಹಂತವನ್ನು ದಾಟಿ, ಶಸ್ತ್ರಕ್ರಿಯೆಯಿಂದ ಆಯುಸ್ಸು ಹೆಚ್ಚದೆ ನೋವು ಮಾತ್ರ ಹೆಚ್ಚುವುದೆಂದು ವೈದ್ಯರೇ ತಿಳಿಸಿದಲ್ಲಿ, ಅದನ್ನು ಬೇಡವೆನ್ನುವುದು ಅಧರ್ಮವಲ್ಲ. ಅಂಥಲ್ಲಿ ನೋವು ಶಮನಮಾಡುವ ಶುಶ್ರೂಷೆಯನ್ನು ಪಡೆಯುತ್ತ, ಲಿಂಗದಲ್ಲಿ ಮನವಿಟ್ಟು ಇರುವುದೂ ಒಂದು ಧೀರವಾದ ನಡೆ. ಗುಣವಾಗುವ ಭರವಸೆಯಿದ್ದೂ ಲಜ್ಜೆಗಾಗಿ, ಕೀರ್ತಿಗಾಗಿ ಅಥವಾ ಖರ್ಚಿನ ಸಂಕೋಚಕ್ಕಾಗಿ ಚಿಕಿತ್ಸೆಯನ್ನು ತೊರೆಯುವುದೇ ತಪ್ಪು. ಖರ್ಚಿನ ಪ್ರಶ್ನೆ ಬಂದಾಗ ಅದು ರೋಗಿಯೊಬ್ಬನ ಪ್ರಶ್ನೆಯಾಗಿ ಉಳಿಯಬಾರದು. ದಾಸೋಹವೆಂಬ ಮಾತಿಗೆ ಸಮಾಜದಲ್ಲಿ ಇನ್ನೂ ಅರ್ಥವಿದೆಯೇ ಎಂಬುದು ಅಲ್ಲಿಯೇ ಪರೀಕ್ಷೆಯಾಗುತ್ತದೆ.

ಎರಡನೆಯದು ಮಂತ್ರದ ಪ್ರಶ್ನೆ. ಮಂತ್ರವು ಭಕ್ತನಿಗೆ ಎಲ್ಲಿಂದ ಬಂದಿತೆಂಬುದನ್ನು ನೆನೆದರೆ ಅರ್ಧ ಸಂಶಯ ಅಲ್ಲಿಯೇ ಕಳೆಯುತ್ತದೆ. ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿಟ್ಟು ವೇಧಾದೀಕ್ಷೆಯನ್ನೂ, ಕಿವಿಯಲ್ಲಿ ಮಂತ್ರವನ್ನು ಉಸುರಿ ಮಂತ್ರದೀಕ್ಷೆಯನ್ನೂ, ಕರಸ್ಥಲಕ್ಕೆ ಇಷ್ಟಲಿಂಗವನ್ನು ಕೊಟ್ಟು ಕ್ರಿಯಾದೀಕ್ಷೆಯನ್ನೂ ಮಾಡುತ್ತಾನೆ. ಮಸ್ತಕ, ಕಿವಿ, ಅಂಗೈ, ಈ ಮೂರು ಸ್ಥಾನಗಳಲ್ಲಿ ಕೊರಳಿಲ್ಲ. ಮಂತ್ರವು ಶಿಷ್ಯನನ್ನು ಹೊಕ್ಕದ್ದು ಶ್ರವಣದ ದಾರಿಯಿಂದ. ಹೊಕ್ಕ ಬಾಗಿಲು ಇನ್ನೂ ತೆರೆದೇ ಇದೆ.

ಇನ್ನು ಜಪವನ್ನು ಶಾಸ್ತ್ರವು ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆಯಾಗಿ ವಿಭಾಗಿಸುತ್ತದೆ. ಪರರಿಗೆ ಕೇಳುವಂತೆ ಉಚ್ಚರಿಸುವುದು ವಾಚಿಕ. ತುಟಿ ನಾಲಗೆಗಳು ಅಲುಗಿದರೂ ಪರರಿಗೆ ಕೇಳಿಸದಂತಿರುವುದು ಉಪಾಂಶು. ಮನಸ್ಸಿನಲ್ಲಿಯೇ ನಡೆಯುವುದು ಮಾನಸ. ಮೊದಲನೆಯದಕ್ಕಿಂತ ಎರಡನೆಯದೂ ಎರಡನೆಯದಕ್ಕಿಂತ ಮೂರನೆಯದೂ ಶ್ರೇಷ್ಠವೆಂದು ಹೇಳಿದೆ. ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವನಿಗೆ ತುಟಿಯೂ ನಾಲಗೆಯೂ ಉಳಿದಿವೆ, ಮನವೂ ಉಳಿದಿದೆ. ಆದುದರಿಂದ ಮೂರರಲ್ಲಿ ಎರಡು, ಅದೂ ಮೇಲಿನ ಎರಡು, ಅವನ ಕೈಯಲ್ಲಿಯೇ ಇವೆ. ಇದು ಅವನನ್ನು ಸಂತೈಸಲು ಹೊಸದಾಗಿ ಹೂಡಿದ ಉಪಾಯವಲ್ಲ. ಧ್ವನಿಯುಳ್ಳವರಿಗೂ ಹೇಳಿದ ಕ್ರಮವೇ ಇದು.

ಷಟ್‌ಸ್ಥಲಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಷಡಕ್ಷರ ಮಂತ್ರದ ಒಂದೊಂದು ಅಕ್ಷರಕ್ಕೂ ಒಂದು ಲಿಂಗ, ಒಂದೊಂದು ಲಿಂಗಕ್ಕೂ ಒಂದು ಇಂದ್ರಿಯ. ನಕಾರವು ಆಚಾರಲಿಂಗ, ಅದರ ಸ್ಥಾನ ಘ್ರಾಣ. ಮಕಾರವು ಗುರುಲಿಂಗ, ಅದು ಜಿಹ್ವೆಯಲ್ಲಿ. ಶಿಕಾರವು ಶಿವಲಿಂಗ, ಅದು ನೇತ್ರದಲ್ಲಿ. ವಾಕಾರವು ಜಂಗಮಲಿಂಗ, ಅದು ತ್ವಕ್ಕಿನಲ್ಲಿ. ಯಕಾರವು ಪ್ರಸಾದಲಿಂಗ, ಅದು ಶ್ರೋತ್ರದಲ್ಲಿ. ಓಂಕಾರವು ಮಹಾಲಿಂಗ, ಅದು ಹೃದಯದಲ್ಲಿ. ಮಂತ್ರವು ಸರ್ವಾಂಗದಲ್ಲಿ ಹರಡಿದೆಯೇ ಹೊರತು ಕೊರಳೊಂದರಲ್ಲಿ ಕಟ್ಟಿಹಾಕಿದುದಲ್ಲ ಎಂಬುದು ಇದರಿಂದ ಸ್ಪಷ್ಟ. ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಕಂಠದಲ್ಲಿ ವಿಶುದ್ಧಿಚಕ್ರವುಂಟು, ಅಲ್ಲಿ ಪ್ರಸಾದಲಿಂಗದ ನೆಲೆಯೆಂದು ಹೇಳಿದೆಯಲ್ಲ, ಕೊರಳನ್ನು ಕೊಯ್ದರೆ ಆ ನೆಲೆ ಏನಾಯಿತು ಎಂದು ಕೇಳಬಹುದು. ಚಕ್ರಗಳು ಮಾಂಸಖಂಡಗಳಲ್ಲ, ಶಸ್ತ್ರಕ್ಕೆ ಸಿಕ್ಕುವ ವಸ್ತುಗಳೂ ಅಲ್ಲ. ಶಸ್ತ್ರವೈದ್ಯನ ಕತ್ತಿಯು ಮೃದ್ವಸ್ಥಿಯನ್ನೂ ತಂತುವನ್ನೂ ಬೇರ್ಪಡಿಸಬಲ್ಲುದು, ಅನುಸಂಧಾನವನ್ನು ಬೇರ್ಪಡಿಸಲಾರದು.

ಘ್ರಾಣದ ವಿಷಯದಲ್ಲಿ ಮಾತ್ರ ಒಂದು ನಿಜವಾದ ಕೊರತೆ ಒದಗುತ್ತದೆ. ಮೂಗಿನ ಮೂಲಕ ಗಾಳಿ ಹಾಯದಿರುವುದರಿಂದ ಪತ್ರೆ ಹೂಗಳ ಕಂಪು ಅವನಿಗೆ ಬಹುಮಟ್ಟಿಗೆ ತಿಳಿಯದು. ಹೂವನ್ನು ಲಿಂಗಕ್ಕೆ ಏರಿಸುವ ಕೈಗೆ ಅದರ ಪರಿಮಳ ಬಾರದಿರುವುದು ಪೂಜೆಯ ವೇಳೆಯಲ್ಲಿ ಹೊಸ ದುಃಖವಾಗಿ ಕಾಡಬಹುದು. ಆದರೆ ಕಂಪು ಅರ್ಪಿತವಾಗುವುದು ಲಿಂಗಕ್ಕೆ. ತನಗೆ ತಿಳಿಯದ ಸುಗಂಧವನ್ನು ಅರ್ಪಿಸುವವನ ಅರ್ಪಣೆಯಲ್ಲಿ ತನ್ನ ಪಾಲಿನ ಭೋಗವಿಲ್ಲವಾದ್ದರಿಂದ ಅದನ್ನು ಕಡಮೆಯೆನ್ನಲಾಗದು.

ಪೂಜಾವಿಧಿಯಲ್ಲಿ ಕೆಲವು ಎಚ್ಚರಗಳು ಅವಶ್ಯ. ಒಣ ವಿಭೂತಿಯ ಉದ್ಧೂಳನವನ್ನು ಬಿಟ್ಟು, ನೀರಿನಲ್ಲಿ ಕಲಸಿದ ಭಸ್ಮದಿಂದ ತ್ರಿಪುಂಡ್ರ ಧರಿಸಬೇಕು. ಧೂಳು ರಂಧ್ರವನ್ನು ಹೊಕ್ಕರೆ ನೇರವಾಗಿ ಶ್ವಾಸಕೋಶವನ್ನು ಸೇರುತ್ತದೆ. ಧೂಪದ ಹೊಗೆ ಹತ್ತಿರವಿರಬಾರದು. ಸ್ನಾನದ ವೇಳೆ ನೀರು ರಂಧ್ರಕ್ಕೆ ಬೀಳದಂತೆ ಕಾಪಾಡಬೇಕು. ಉಳಿದ ವೇಳೆ ತೆಳುವಾದ ಶುಭ್ರವಸ್ತ್ರದ ಮರೆಯಿರಬೇಕು. ಶಿವದಾರವು ಗಾಯವನ್ನು ಒತ್ತುವುದಾದರೆ ಚಿಂತಿಸಬೇಕಾಗಿಲ್ಲ. ಕಂಠವಲ್ಲದೆ ಕಕ್ಷ, ಕರಸ್ಥಲ, ಉತ್ತಮಾಂಗ ಮೊದಲಾದ ಸ್ಥಾನಗಳಲ್ಲಿಯೂ ಲಿಂಗಧಾರಣೆಯನ್ನು ಹಿರಿಯರು ಹೇಳಿದ್ದಾರೆ. ಪಾದೋದಕ ಪ್ರಸಾದಗಳಿಗೆ ಗಾಯ ಮಾಗಿದ ಮೇಲೆ ಅಡ್ಡಿಯಿಲ್ಲ. ಈ ಶಸ್ತ್ರಕ್ರಿಯೆಯಲ್ಲಿ ಅನ್ನದ ಮಾರ್ಗವೂ ಉಸಿರಿನ ಮಾರ್ಗವೂ ಬೇರೆಬೇರೆಯಾಗುವುದರಿಂದ, ನುಂಗಿದ ತೀರ್ಥ ಶ್ವಾಸನಾಳಕ್ಕೆ ಇಳಿಯುವ ಭಯ ಸಾಮಾನ್ಯವಾಗಿ ಇರುವುದಿಲ್ಲ.

ಮೂರನೆಯದು ಪ್ರಯೋಜನದ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದವರು ಮನೆಯವರೂ ಸಮಾಜದವರೂ. ಕಾಯಕಗಳಲ್ಲಿ ಮಾತಿನವು ಕೆಲವೇ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ನುಲಿಯ ಚಂದಯ್ಯನ ಕಾಯಕಕ್ಕೆ ಕೈ ಸಾಕಾಗಿತ್ತು. ಮಂಡಿಯ ಲೆಕ್ಕ ಬರೆಯಲು, ಕಾಳಿನ ಜಾತಿ ಗುರುತಿಸಲು, ತೂಕ ನೋಡಲು ಕಂಠ ಬೇಡ. ಆದರೂ ಇಂಥ ಶಸ್ತ್ರಕ್ರಿಯೆಯಾದವನನ್ನು ಮನೆಯವರು ಮೆಲ್ಲನೆ ಲೆಕ್ಕದಿಂದ ಕೈಬಿಡುವುದು ಕಂಡುಬರುತ್ತದೆ. ಅವನ ಎದುರಿಗೇ ಅವನ ಬಗ್ಗೆ ಬೇರೆಯವರೊಡನೆ ಮಾತಾಡುತ್ತಾರೆ. ಹಲಗೆಯ ಮೇಲೆ ಬರೆಯತೊಡಗಿದರೆ ಎರಡು ಅಕ್ಷರ ಕಂಡೊಡನೆ ಮೂರನೆಯದನ್ನು ತಾವೇ ಊಹಿಸಿ ಎದ್ದು ಹೋಗುತ್ತಾರೆ. ಮಗಳ ಮದುವೆಯ ಮಾತುಕತೆಯಲ್ಲಿ ಅವನ ಅಭಿಪ್ರಾಯವನ್ನು ಕೇಳುವುದಿಲ್ಲ. ಶಸ್ತ್ರವು ತೆಗೆದದ್ದು ಧ್ವನಿಯನ್ನು ಮಾತ್ರ. ಮಾತನ್ನು ತೆಗೆದವರು ಇವರು.

ಅನುಭವಮಂಟಪದಲ್ಲಿ ನುಡಿದವರಷ್ಟೇ ಕೇಳಿದವರೂ ಇದ್ದರು. ಕೇಳುವವರಿಲ್ಲದಿದ್ದರೆ ಅದು ಮಂಟಪವಾಗುತ್ತಿರಲಿಲ್ಲ. ಅನ್ನದಾಸೋಹವುಂಟು, ಜ್ಞಾನದಾಸೋಹವುಂಟು, ನಿಧಾನವಾಗಿ ಬರೆಯುವವನ ಮುಂದೆ ಕೊನೆಯ ಅಕ್ಷರದವರೆಗೂ ಕುಳಿತಿರುವುದು ಕಿವಿಯ ದಾಸೋಹ. ಅದಕ್ಕೆ ಹಣ ಬೇಡ, ಸ್ವಲ್ಪ ಹೊತ್ತು ಬೇಕು.

ಇನ್ನೊಂದು ದೋಷವೂ ಮನೆಗಳಲ್ಲಿ ನುಸುಳುವುದುಂಟು. ಕೊರಳ ರಂಧ್ರದಿಂದ ಕಫ ಬರುತ್ತದೆ, ಕೆಮ್ಮಿದಾಗ ಒರಸಿಕೊಳ್ಳಬೇಕಾಗುತ್ತದೆ. ಇದನ್ನು ಮೈಲಿಗೆಯೆಂದು ಭಾವಿಸಿ ಪಂಕ್ತಿಯಿಂದ ದೂರ ಕೂರಿಸುವವರೂ, ರೋಗ ಅಂಟುವುದೆಂದು ಮಕ್ಕಳನ್ನು ಬಿಡದವರೂ ಇದ್ದಾರೆ. ಕ್ಯಾನ್ಸರ್ ಅಂಟುರೋಗವಲ್ಲ. ಮೈಲಿಗೆಯ ಮಾತಂತೂ ಪಂಚಸೂತಕಗಳನ್ನು ಅಲ್ಲಗಳೆದ ಧರ್ಮದಲ್ಲಿ ಹುಟ್ಟಬಾರದ ಮಾತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳಿಂದ ಲಿಂಗವಂತನಿಗೆ ಸೂತಕವಿಲ್ಲವೆಂದ ಮೇಲೆ ಉಸಿರಾಡುವ ರಂಧ್ರದಿಂದ ಸೂತಕವೆಲ್ಲಿಯದು? ಅಂತೆಯೇ ಇದು ಪೂರ್ವಜನ್ಮದ ಪಾಪವೆನ್ನುವುದೂ ಸಲ್ಲದು. ದೀಕ್ಷೆಯಿಂದ ಮರುಹುಟ್ಟು ಪಡೆದವನ ಮೇಲೆ ಹಳೆಯ ಭವದ ಲೆಕ್ಕವನ್ನು ಹೊರಿಸುವುದು ದೀಕ್ಷೆಗೇ ಮಾಡುವ ಅವಮಾನ.

ಈ ಜನ್ಮದ ಲೆಕ್ಕವನ್ನು ಮಾತ್ರ ಮುಚ್ಚಿಡಬಾರದು. ಬೀಡಿ ಸೇದದವರಿಗೂ ಈ ರೋಗ ಬರಬಹುದಾದರೂ ಸೇದುವವರಿಗೆ ಅಪಾಯ ಬಹಳ ಹೆಚ್ಚು. ಬಿದ್ದವನನ್ನು ಹಳಿಯುವುದರಿಂದ ಲಾಭವಿಲ್ಲ. ಇನ್ನೂ ಬೀಳದವರನ್ನು ತಡೆಯುವುದರಲ್ಲಿ ಲಾಭವಿದೆ. ನಿಪ್ಪಾಣಿಯ ಸುತ್ತಮುತ್ತಲೂ, ಹುಣಸೂರು ಪಿರಿಯಾಪಟ್ಟಣಗಳಲ್ಲಿಯೂ ಹೊಗೆಸೊಪ್ಪಿನ ಬೆಳೆಯಿಂದ ಅನೇಕ ಕುಟುಂಬಗಳು ಬದುಕುತ್ತಿವೆ. ಸತ್ಯಶುದ್ಧವಾದ ಕಾಯಕವೆಂದರೆ ಮೋಸವಿಲ್ಲದ ದುಡಿಮೆಯಷ್ಟೇ ಸಾಕೇ, ದುಡಿಮೆಯ ಫಲವು ಯಾರ ಕೊರಳನ್ನು ಸೇರುವುದೆಂಬ ವಿಚಾರವೂ ಬೇಕೇ ಎಂಬುದನ್ನು ಬೆಳೆಯುವವರೂ ಮಾರುವವರೂ ಯೋಚಿಸತಕ್ಕದ್ದು. ಬದಲಿ ಬೆಳೆಯ ದಾರಿ ತೋರದೆ ರೈತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಆದರೆ ಮಠದ ಜಾತ್ರೆಯಲ್ಲಿ ಬೀಡಿ ಅಂಗಡಿ ಇರಕೂಡದೆಂದು ನಿರ್ಣಯಿಸಲು ಯಾವ ಬದಲಿ ಬೆಳೆಯೂ ಬೇಕಾಗಿಲ್ಲ.

ಧ್ವನಿಪೆಟ್ಟಿಗೆ ಹೋದವನಿಗೆ ಮತ್ತೆ ಮಾತು ಬರುವ ದಾರಿಗಳೂ ಇವೆ. ಗಾಳಿಯನ್ನು ಅನ್ನನಾಳಕ್ಕೆ ತುಂಬಿ ಹಿಂದಕ್ಕೆ ಬಿಟ್ಟು, ಅದರ ಮೇಲ್ಭಾಗದ ಕಂಪನದಿಂದ ನುಡಿಯುವುದು ಒಂದು. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಕುತ್ತಿಗೆಗೆ ಹಿಡಿದು ಮಾತಾಡುವ ವಿದ್ಯುತ್ ಯಂತ್ರ ಇನ್ನೊಂದು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ಕವಾಟವನ್ನು ಕೂರಿಸುವುದು ಮೂರನೆಯದು. ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಹಾಯ್ದು ಬಾಯಿಂದ ಮಾತಾಗಿ ಹೊರಡುತ್ತದೆ. ಹೊರದೇಶದ ಕವಾಟಗಳಿಗೆ ಸಾವಿರಾರು ರೂಪಾಯಿ ತೆರಬೇಕಾಗಿದ್ದ ಕಾಲದಲ್ಲಿ, 2010ರ ದಶಕದ ನಡುವೆ, ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ಅವರು ಉದ್ಯಮಿಯಾದ ತಮ್ಮ ಮಿತ್ರರೊಡನೆ ಸುಮಾರು 50 ರೂಪಾಯಿ ಬೆಲೆಯ ಕವಾಟವೊಂದನ್ನು ರೂಪಿಸಿದರು. ಅದಕ್ಕೆ ಅವರಿಟ್ಟ ಹೆಸರು "ಓಂ". ಮಾತಿನ ಅಭ್ಯಾಸಕ್ಕೆ ಮೈಸೂರಿನಲ್ಲಿ 1960ರ ದಶಕದಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳಿವೆ.

ಈ ಹೊಸ ಧ್ವನಿ ಹಳೆಯದರಂತಿರುವುದಿಲ್ಲ. ಅದು ಒರಟು, ತಗ್ಗು. ಹಾಡಿನ ಏರಿಳಿತ ಅದಕ್ಕೆ ಬಹುಮಟ್ಟಿಗೆ ಒಗ್ಗದು. ಅದನ್ನು ಕೇಳಿ ಮೊಮ್ಮಕ್ಕಳು ಮೊದಲು ಅಂಜಬಹುದು, ನೆರೆಯವರು ತಿರುಗಿ ನೋಡಬಹುದು. ಆ ಲಜ್ಜೆಗೆ ಹೆದರಿ ಬಂದ ಮಾತನ್ನೂ ನುಂಗಿಕೊಂಡು ಕುಳಿತರೆ ನಷ್ಟ ಎರಡರಷ್ಟಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರು. ಲೋಕವು ಕುರುಡರಿಗೆ ಭಿಕ್ಷೆಯ ಬಟ್ಟಲನ್ನು ಮಾತ್ರ ತೋರಿಸುತ್ತಿದ್ದ ಕಾಲದಲ್ಲಿ ಅವರು ಸ್ವರವನ್ನು ಹಿಡಿದು, ಅಂಧಬಾಲಕರನ್ನು ಸಾಕಿ ಕಲಿಸಿ ಗವಾಯಿಗಳನ್ನಾಗಿ ಮಾಡಿದರು. ಒಂದು ಇಂದ್ರಿಯ ಮುಚ್ಚಿದಾಗ ಮತ್ತೊಂದರಿಂದ ಸೇವೆಮಾಡುವ ದಾರಿಯನ್ನು ಅವರು ತೋರಿದ್ದಾರೆ. ಕಣ್ಣಿಲ್ಲದವರಿಗೆ ಕಂಠ ಒದಗಿತು. ಕಂಠವಿಲ್ಲದವನಿಗೆ ಕಣ್ಣೂ ಕಿವಿಯೂ ಕೈಯೂ ಒದಗಬೇಕು.

ಮೇಲೆ ಭಾವಿಸಿದ ಗೃಹಸ್ಥನು ಶಸ್ತ್ರಕ್ರಿಯೆಗೆ ಒಪ್ಪಿದನೆಂದೂ ಗುಣಹೊಂದಿ ವರ್ಷದ ಅನಂತರ ಸೋಮವಾರದ ಗೋಷ್ಠಿಗೆ ಬಂದನೆಂದೂ ಭಾವಿಸಬಹುದು. ಕೊರಳಿಗೆ ಬಿಳಿಯ ವಸ್ತ್ರ ಕಟ್ಟಿಕೊಂಡು ತನ್ನ ಹಳೆಯ ಸ್ಥಳದಲ್ಲಿಯೇ ಕುಳಿತಿದ್ದಾನೆ. ಮೊದಲ ವಚನವನ್ನು ಈಗ ಹಾಡುವವಳು ಅವನ ಮೊಮ್ಮಗಳು. ಅವಳು ತಾಳ ತಪ್ಪಿದಾಗ ಅವನು ತೊಡೆಯ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತಾನೆ. ಅವಳು ನೋಡಿ ತಿದ್ದಿಕೊಳ್ಳುತ್ತಾಳೆ. ಮೂವತ್ತು ವರ್ಷ ಹಾಡಿದವನು ಒಬ್ಬರ ಹಾಡನ್ನು ಮೊದಲಿನಿಂದ ಕಡೆಯವರೆಗೆ ಕೇಳುತ್ತಿರುವುದು ಬಹುಶಃ ಇದೇ ಮೊದಲು. ಅದು ಅವನಿಗೆ ಸುಖವೂ ಹೌದು, ದುಃಖವೂ ಹೌದು. ಎರಡರಲ್ಲಿ ಒಂದನ್ನು ಬಚ್ಚಿಡಬೇಕಾದ ಕಾರಣವಿಲ್ಲ. ಕೊನೆಯಲ್ಲಿ ಮಂತ್ರ ಹೇಳುವ ಸರದಿ ಹಿರಿಯರಿಂದ ಹಿರಿಯರಿಗೆ ಸಾಗಿ ಅವನ ಬಳಿಗೆ ಬಂದಾಗ ಸಭೆ ಅವನನ್ನು ದಾಟಿ ಮುಂದೆ ಹೋಗಬಾರದು. ಅವನು ವಸ್ತ್ರವನ್ನು ಸರಿಸಿ, ಹೆಬ್ಬೆರಳನ್ನು ರಂಧ್ರದ ಮೇಲಿಟ್ಟು, ಒಂದೊಂದೇ ಅಕ್ಷರವನ್ನು ತಗ್ಗಿದ ಒರಟು ಧ್ವನಿಯಲ್ಲಿ ಹೊರಡಿಸುವವರೆಗೆ ಎಲ್ಲರೂ ಕಾದಿರಬೇಕು. ಐದು ಅಕ್ಷರಗಳಿಗೆ ಎಷ್ಟು ಹೊತ್ತು ಹಿಡಿದರೂ ಅಷ್ಟು ಹೊತ್ತೂ ಅದು ಶಿವಾನುಭವಗೋಷ್ಠಿಯೇ ಸರಿ.